ಕತೆಗಾರರಿಗೆ ಅಡಿಕೆ ಮದ್ದಿನ ಪುಸ್ತಕ ಯಾಕೆ ಬೇಕು?

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕುಮಟಾ, ಅಂಕೋಲಾ, ಶಿರಸಿ, ಸಿದ್ದಾಪುರದ ಕಡೆ ಹೊಸದಾಗಿ ಬರೆಯುವವರ ಕತೆಗಳು ನನ್ನ ಕೈಗೆ ಆಗಾಗ ಬರುತ್ತವೆ. ಕೆಲವು ಸ್ಪರ್ಧೆಗೆ ಬಂದವು, ಕೆಲವು ‘ಒಮ್ಮೆ ಓದಿ ಹೇಳಿ’ ಅಂತ ವಾಟ್ಸಾಪಿನಲ್ಲಿ ಬಂದವು. ಭಾಷೆಗೆ ಹೆಸರಿಡುವ ಹಾಗಿಲ್ಲ. ಆದರೆ ಒಂದರ ಹಿಂದೊಂದು ಓದಿದ ಮೇಲೆ ಯಾವುದು ಯಾರ ಕತೆ ಅಂತ ನೆನಪಿರುವುದಿಲ್ಲ. ಎಲ್ಲದರಲ್ಲೂ ಮಳೆ ಧೋ ಅಂತ ಸುರಿಯುತ್ತದೆ. ಎಲ್ಲದರಲ್ಲೂ ಅಜ್ಜಿ ಕವಳ ಹಾಕುತ್ತಾಳೆ. ಮಗ ಬೆಂಗಳೂರಿನಲ್ಲಿರುತ್ತಾನೆ, ಹಳೇ ಮನೆ ಮಾರಾಟಕ್ಕೆ ಬಂದಿರುತ್ತದೆ.

ಇವರು ಓದುವುದಿಲ್ಲ ಅಂತ ದೂರುವುದು ಸುಲಭ. ನಿಜವಾಗಿ ಇವರಲ್ಲಿ ಬಹಳ ಮಂದಿ ಚೆನ್ನಾಗಿಯೇ ಓದುತ್ತಾರೆ. ತೊಂದರೆ ಇರುವುದು ಓದುವ ಕಪಾಟಿನಲ್ಲಿ. ಕತೆ ಬರೆಯುವವರು ಕತೆಯನ್ನೇ ಓದುತ್ತಾರೆ, ಕವನ ಬರೆಯುವವರು ಕವನವನ್ನೇ. ಹಾಗಾಗಿ ಇನ್ನೊಬ್ಬರ ಕತೆಯಲ್ಲಿ ಸುರಿದ ಮಳೆಯೇ ಇವರ ಕತೆಯಲ್ಲೂ ಸುರಿಯುತ್ತದೆ.

‘ಎಲ್ಲಾ ಓದಿ’ ಅಂತ ಹೇಳಿದರೆ ಯಾರಿಗೂ ಉಪಯೋಗವಿಲ್ಲ. ಕೆಲಸ, ಮನೆ, ತೋಟ, ಮಕ್ಕಳ ಶಾಲೆ ಎಲ್ಲ ಮುಗಿದ ಮೇಲೆ ಸಿಗುವುದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಯಾವ ಬೇರೆ ಪ್ರಕಾರವನ್ನು ಓದಬೇಕು, ಯಾಕೆ, ಹೇಗೆ ಅನ್ನುವುದಕ್ಕೆ ಒಂದು ದಾರಿ ಬೇಕು. ನಾನು ಹೇಳುವ ದಾರಿ ಇಷ್ಟೇ: ನಿಮ್ಮ ಬರಹದಲ್ಲಿ ಏನು ಇಲ್ಲ ಅಂತ ಮೊದಲು ಹುಡುಕಿ, ಅದು ಎಲ್ಲಿ ಧಾರಾಳವಾಗಿ ಸಿಗುತ್ತದೋ ಆ ಪುಸ್ತಕ ತೆಗೆಯಿರಿ.

ಮೊದಲ ಹೆಜ್ಜೆ: ನಿಮ್ಮದೇ ಬರಹವನ್ನು ತಪಾಸಣೆ ಮಾಡಿ

ನೀವು ಬರೆದ ಎರಡು-ಮೂರು ಕತೆ ಅಥವಾ ಪ್ರಬಂಧ ತೆಗೆದುಕೊಳ್ಳಿ. ಪ್ರಿಂಟ್ ಹಾಕಿಸಿಕೊಂಡರೆ ಒಳ್ಳೆಯದು, ಮೊಬೈಲಿನಲ್ಲಿ ಈ ಕೆಲಸ ಸರಿಯಾಗುವುದಿಲ್ಲ. ಒಂದು ಪೆನ್ನು ಹಿಡಿದು ನಾಲ್ಕು ವಿಷಯ ನೋಡಿ.

ಕ್ರಿಯಾಪದಗಳಿಗೆಲ್ಲ ಗೆರೆ ಎಳೆಯಿರಿ. ‘ಯೋಚಿಸಿದ’, ‘ನೆನಪಾಯಿತು’, ‘ಅನಿಸಿತು’, ‘ದಿಟ್ಟಿಸಿದ’, ‘ನಿಟ್ಟುಸಿರಿಟ್ಟಳು’ ಇವೇ ಜಾಸ್ತಿ ಇದ್ದರೆ ನಿಮ್ಮ ಪಾತ್ರಗಳು ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಬರೀ ಕೂತಿದ್ದಾವೆ.

ಸಂಭಾಷಣೆಯಲ್ಲಿ ಮಾತಾಡಿದವರ ಹೆಸರನ್ನು ಬೆರಳಿನಿಂದ ಮುಚ್ಚಿ. ಮಾತು ನೋಡಿಯೇ ಯಾರದ್ದು ಅಂತ ಗೊತ್ತಾಗಬೇಕು. ಗೊತ್ತಾಗದಿದ್ದರೆ ಎಲ್ಲರೂ ನಿಮ್ಮ ಬಾಯಲ್ಲೇ ಮಾತಾಡುತ್ತಿದ್ದಾರೆ.

ಕತೆ ನಡೆಯುವುದು ಯಾವ ತಿಂಗಳು, ಯಾವ ವರ್ಷದ ಆಸುಪಾಸು ಅಂತ ಓದುಗರಿಗೆ ಊಹಿಸಲು ಆಗುತ್ತದಾ ನೋಡಿ. ವರ್ಷ ಬರೆದಿರಲೇಬೇಕು ಅಂತಿಲ್ಲ. ಬಸ್ಸು, ರೇಟು, ಬೆಳೆ, ಫೋನು ಇವುಗಳಿಂದ ಗೊತ್ತಾದರೂ ಸಾಕು.

ಕೊನೆಗೆ ಒಂದೊಂದು ಪ್ಯಾರಾ ತೆಗೆದು ಹಾಕಿ ಓದಿ. ಯಾವುದು ಹೋದರೂ ಕತೆಗೆ ಏನೂ ಆಗದಿದ್ದರೆ ಅದು ನಿಮಗೆ ಬೇಕಾಗಿತ್ತೇ ಹೊರತು ಕತೆಗೆ ಬೇಕಾಗಿರಲಿಲ್ಲ.

ಇಷ್ಟು ಮಾಡಿದ ಮೇಲೆ ಒಂದು ಚೀಟಿಯಲ್ಲಿ ಒಂದೇ ಕೊರತೆ ಬರೆದುಕೊಳ್ಳಿ. ನಾಲ್ಕೂ ಇದ್ದರೂ ಸರಿ, ಒಂದನ್ನೇ ಬರೆಯಿರಿ. ಒಟ್ಟಿಗೆ ಎಲ್ಲವನ್ನೂ ಸರಿ ಮಾಡುತ್ತೇನೆ ಅಂತ ಹೊರಟವರು ಏನನ್ನೂ ಮುಗಿಸುವುದಿಲ್ಲ.

ಎರಡನೇ ಹೆಜ್ಜೆ: ಕೊರತೆಗೆ ತಕ್ಕ ಪ್ರಕಾರ ಆರಿಸಿ

ಪಾತ್ರಗಳು ಕೆಲಸ ಮಾಡುತ್ತಿಲ್ಲ ಅಂತಾದರೆ ಕೆಲಸದ ಪುಸ್ತಕ ಓದಬೇಕು. ಕೃಷಿ, ಮೀನುಗಾರಿಕೆ, ಅಡುಗೆ, ಮನೆ ಕಟ್ಟುವುದು, ಯಂತ್ರ ರಿಪೇರಿ, ಯಾವುದಾದರೂ ಆದೀತು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯ ಬರಹದಲ್ಲಿ ಜಾಸ್ತಿ ಕಾಣುವ ಕೊರತೆ ಇದೇ.

ಶಿರಸಿ ಸೀಮೆಯ ತೋಟದ ಕತೆಯೊಂದರಲ್ಲಿ ಇಂಥ ಸಾಲುಗಳು ಸಿಗುತ್ತವೆ ಅಂದುಕೊಳ್ಳಿ:

‘ಮಳೆ ಧೋ ಎಂದು ಸುರಿಯುತ್ತಿತ್ತು. ಗಣಪಣ್ಣನ ಮನಸ್ಸು ಭಾರವಾಗಿತ್ತು. ತೋಟವೂ ಅವನ ಹಾಗೆಯೇ ಮೌನವಾಗಿ ನಿಂತಿತ್ತು.’

ಇದರಲ್ಲಿ ತಪ್ಪೇನಿಲ್ಲ. ಆದರೆ ಗಣಪಣ್ಣನ ಬದಲು ಯಾರನ್ನು ನಿಲ್ಲಿಸಿದರೂ ನಡೆಯುತ್ತದೆ. ತೋಟದ ಬದಲು ರಬ್ಬರ್ ಕಾಡು ಇಟ್ಟರೂ ನಡೆಯುತ್ತದೆ. ಈಗ ಅಡಿಕೆಯ ಕೊಳೆ ರೋಗದ ಬಗ್ಗೆ ತೋಟಗಾರಿಕೆಯವರ ಒಂದು ಸಣ್ಣ ಕೈಪಿಡಿ ತೆಗೆದು ನೋಡಿ. ಅದರಲ್ಲಿ ಏನಿರುತ್ತದೆ? ಮದ್ದು ಮಾಡಲು ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಪಾತ್ರೆ ಪ್ಲಾಸ್ಟಿಕ್ಕಿನದೋ ಮರದ್ದೋ ಆಗಿರಬೇಕು. ಸರಿಯಾಗಿದೆಯಾ ಅಂತ ನೋಡಲು ಉಜ್ಜಿದ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಬೇಕು. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು. ಮಾಡಿದ ಮದ್ದನ್ನು ಅದೇ ದಿನ ಹೊಡೆಯಬೇಕು, ಇಟ್ಟರೆ ಪ್ರಯೋಜನವಿಲ್ಲ. ಮೊದಲ ಸಿಂಪರಣೆ ಮಳೆಗಾಲ ಹಿಡಿಯುವ ಮೊದಲು, ಎರಡನೆಯದು ಅದಾಗಿ 40-45 ದಿನಕ್ಕೆ. ಹೊಡೆಯಲು ಮಳೆ ಬಿಡುವು ಕೊಡಬೇಕು.

ಕೈಪಿಡಿ ಬರೆದವರಿಗೆ ಕತೆ ಬರೆಯುವ ಉದ್ದೇಶ ಇರಲಿಲ್ಲ. ಆದರೂ ಒಂದು ಕತೆಗೆ ಬೇಕಾದದ್ದೆಲ್ಲ ಅಲ್ಲಿದೆ: ಗಡುವು ಇದೆ, ಖರ್ಚಿದೆ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನ ಮೇಲೆ ಅವಲಂಬನೆ ಇದೆ, ದೇವರ ಕೈಯಲ್ಲಿರುವ ಮಳೆ ಇದೆ. ಈಗ ಅದೇ ಗಣಪಣ್ಣ:

‘ಎರಡನೇ ಮದ್ದಿನ ದಿನ ದಾಟಿ ವಾರವಾಗಿತ್ತು. ಕೊನೆಗೌಡ ಬೆಳಿಗ್ಗೆಯೇ ಬಂದ, ಜಗಲಿಯ ಮೇಲೆ ಕೂತು ಎರಡು ಸಲ ಚಾ ಕುಡಿದ, ಮಳೆ ಬಿಡದ್ದಕ್ಕೆ ಎದ್ದು ಹೋದ. ಡ್ರಮ್ಮಿನಲ್ಲಿದ್ದ ನೀಲಿ ಮದ್ದನ್ನು ಗಣಪಣ್ಣ ಸಂಜೆ ಅಂಗಳದ ಮೂಲೆಗೆ ಚೆಲ್ಲಿದ. ಹೆಂಡತಿ ನೋಡಿದಳು, ಎಷ್ಟಾಯ್ತು ಅದಕ್ಕೆ ಅಂತ ಕೇಳಲಿಲ್ಲ.’

ಮನಸ್ಸು ಭಾರವಾಗಿತ್ತು ಅಂತ ಹೇಳುವ ಅಗತ್ಯವೇ ಬೀಳಲಿಲ್ಲ ಅಲ್ವಾ? ಹೆಂಡತಿಯೂ ಸುಮ್ನೆ ಬಂದು ಕತೆಯೊಳಗೆ ನಿಂತಳು.

ಇಂಥ ಓದಿನಲ್ಲಿ ಇನ್ನೊಂದು ಲಾಭವಿದೆ. ಒಂದರ ಬಾಲ ಹಿಡಿದರೆ ಇನ್ನೊಂದು ಬರುತ್ತದೆ. ಈ ಮದ್ದಿಗೆ ಬೋರ್ಡೋ ಅಂತ ಹೆಸರು ಬಂದದ್ದು ಫ್ರಾನ್ಸಿನ ಊರಿನಿಂದ. ಅಲ್ಲಿ ದಾರಿಬದಿಯ ದ್ರಾಕ್ಷಿ ಕದಿಯಬಾರದು ಅಂತ ರೈತರು ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಬಳಿದ ಬಳ್ಳಿಗಳಿಗೆ ಬೂಜು ರೋಗ ಬರಲಿಲ್ಲ ಅನ್ನುವುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕ ಗಮನಿಸಿ, 1885ರಲ್ಲಿ ಅದನ್ನು ಪ್ರಕಟಿಸಿದ. 20ನೇ ಶತಮಾನದ ಶುರುವಿನಲ್ಲಿ ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆಗೆ ಬಳಕೆಗೆ ತಂದ. ಕಳ್ಳರನ್ನು ಹೆದರಿಸಲು ಬಳಿದದ್ದು ನಮ್ಮ ಗಣಪಣ್ಣನ ಡ್ರಮ್ಮಿನವರೆಗೆ ಬಂತು. ಪ್ರಬಂಧ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಎಳೆ ಬೇಕಾ?

ಕೆಲಸದ ಬರಹ ಎಲ್ಲಿ ಸಿಗುತ್ತದೆ ಅಂತ ಕೇಳುವವರಿಗೆ: ಪುತ್ತೂರಿನಿಂದ ಬರುವ ‘ಅಡಿಕೆ ಪತ್ರಿಕೆ’ಯಲ್ಲಿ ಕೃಷಿಕರೇ ಬರೆಯುತ್ತಾರೆ. ವಿಶೇಷಣ ಕಡಿಮೆ, ಲೆಕ್ಕ ಜಾಸ್ತಿ. ಆ ಗದ್ಯ ನೋಡಿ ಕಲಿಯಬೇಕಾದ್ದು ಬಹಳ ಇದೆ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರ, ತೋಟಗಾರಿಕೆ ಇಲಾಖೆಯ ಕರಪತ್ರಗಳನ್ನೂ ಬಿಡಬೇಡಿ.

ನಮ್ಮ ಜಿಲ್ಲೆಯ ದೊಡ್ಡ ಬರಹಗಾರರನ್ನೇ ನೋಡಿ. ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ರಾಸಾಯನಿಕ ಉದ್ಯಮದಲ್ಲಿ ಕೆಲಸ ಮಾಡಿದವರು. 1979ರ ‘ಶಿಕಾರಿ’ಯ ನಾಗಪ್ಪ ಒಂದು ಕೆಮಿಕಲ್ ಕಂಪನಿಯ ಅಧಿಕಾರಿ. ಗೋಕರ್ಣದ ಜಯಂತ ಕಾಯ್ಕಿಣಿ ಜೀವರಸಾಯನ ಓದಿ ಔಷಧ ಕಂಪನಿಯಲ್ಲಿದ್ದವರು. ಇವರಿಗೆಲ್ಲ ಸಾಹಿತ್ಯದ ಆಚೆ ಇನ್ನೊಂದು ಲೋಕ ಹೊಟ್ಟೆಪಾಡಿನಿಂದಲೇ ಸಿಕ್ಕಿತ್ತು. ಸಿಗದವರು ಅದನ್ನು ಓದಿನಿಂದ ತುಂಬಿಕೊಳ್ಳಬೇಕು, ಬೇರೆ ದಾರಿಯಿಲ್ಲ.

ಇನ್ನು ಮಾತು. ನಿಮ್ಮ ಸಂಭಾಷಣೆ ಸಪ್ಪೆ ಅಂತ ಗೊತ್ತಾದರೆ ನಾಟಕ ಓದಿ, ಅದಕ್ಕಿಂತ ಮೊದಲು ಒಂದು ತಾಳಮದ್ದಲೆಗೆ ಹೋಗಿ ಕೂತುಕೊಳ್ಳಿ. ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ವೇಷವಿಲ್ಲ, ಕುಣಿತವಿಲ್ಲ. ಹಾಡುವ ಭಾಗವತರ ಪದ ಮುಗಿದ ಕೂಡಲೇ ಅರ್ಥಧಾರಿ ತನ್ನ ಪಾತ್ರವಾಗಿ ಮಾತಾಡಬೇಕು, ಅದೂ ಬರೆದಿಟ್ಟದ್ದನ್ನು ಓದುವ ಹಾಗಿಲ್ಲ. ಎದುರಿನವರು ಏನು ಎಸೆಯುತ್ತಾರೋ ಅದಕ್ಕೆ ಉತ್ತರ ಕೊಡಬೇಕು. ‘ವಾಲಿ ವಧೆ’ ಪ್ರಸಂಗವನ್ನೇ ತೆಗೆದುಕೊಳ್ಳಿ. ಬಾಣ ತಗುಲಿ ಬಿದ್ದ ವಾಲಿ, ‘ಮರೆಯಲ್ಲಿ ನಿಂತು ಹೊಡೆದೆಯಲ್ಲ, ನಿನಗೂ ನನಗೂ ಏನು ಹಗೆ ಇತ್ತು?’ ಅಂತ ರಾಮನನ್ನು ಕೇಳುತ್ತಾನೆ. ಒಳ್ಳೆಯ ಅರ್ಥಧಾರಿ ವಾಲಿಯಾಗಿ ಕೂತರೆ ಸಭೆ ಅರ್ಧ ಗಂಟೆ ಅವನ ಪಕ್ಷಕ್ಕೆ ಹೋಗಿಬಿಡುತ್ತದೆ. ಆಮೇಲೆ ರಾಮ ಅದನ್ನು ಒಂದೊಂದಾಗಿ ಬಿಡಿಸಬೇಕು. ಇಬ್ಬರಿಗೂ ತಮ್ಮದೇ ಸರಿ ಅಂತ ಪೂರ್ತಿ ನಂಬಿಕೆ. ನಮ್ಮ ಕತೆಗಳಲ್ಲಿ ಕೆಟ್ಟ ಮಾವ, ದುರಾಸೆಯ ಅಣ್ಣ ಬರುತ್ತಾರಲ್ಲ, ಅವರಿಗೆ ಇಂಥ ಒಂದು ವಾದವಾದರೂ ಇರುತ್ತದಾ?

ಮನೆಗೆ ಬಂದ ಮೇಲೆ ಒಂದು ಜಗಳ ಬರೆಯಿರಿ. ಆಸ್ತಿ ಪಾಲಿನದ್ದೇ ಆಗಲಿ. ‘ಸಿಟ್ಟಿನಿಂದ ಹೇಳಿದ’, ‘ಗದ್ಗದಿತಳಾಗಿ ನುಡಿದಳು’ ಅಂತ ಒಂದು ಸಲವೂ ಬಳಸಬೇಡಿ. ಯಾರ ವಾದ ಸರಿ ಅಂತ ನಿಮಗೇ ಗೊಂದಲವಾಗುವವರೆಗೆ ಬರೆಯಿರಿ.

ಗಿರೀಶ ಕಾರ್ನಾಡರ ಬಾಲ್ಯದ ಒಂದು ಭಾಗ ಶಿರಸಿಯಲ್ಲಿ ಕಳೆಯಿತು. ಅಲ್ಲಿ ಕಂಪನಿ ನಾಟಕವನ್ನೂ ಯಕ್ಷಗಾನವನ್ನೂ ನೋಡುತ್ತ ಬೆಳೆದವರು, ಆಮೇಲೆ ಧಾರವಾಡದಲ್ಲಿ ಪದವಿಗೆ ಓದಿದ್ದು ಗಣಿತ, ಸಂಖ್ಯಾಶಾಸ್ತ್ರ. ‘ತುಘಲಕ್’ಗೆ ಇತಿಹಾಸ ಓದಿದರು. ‘ಹಯವದನ’ದ ಕತೆಯ ಬೇರು ಕಥಾಸರಿತ್ಸಾಗರದಲ್ಲಿದೆ, ಅದು ಜರ್ಮನಿಯ ಥಾಮಸ್ ಮನ್ ಕೈಯಲ್ಲಿ ಬೇರೆ ರೂಪ ತಾಳಿ ಅವರ ಹತ್ತಿರ ಬಂತು. ರಂಗದ ಮೇಲೆ ಕೂತ ಭಾಗವತ ಮಾತ್ರ ನಮ್ಮ ಕಡೆಯವನೇ. ಒಂದು ನಾಟಕಕ್ಕೆ ಎಷ್ಟು ಕಪಾಟು ತೆರೆದಿದ್ದಾರೆ ನೋಡಿ.

ಮೂರನೇ ಕೊರತೆ ಕಾಲ, ಜಾಗದ್ದು. ಇಲ್ಲಿ ಎಡವಿದವರೂ ಕಡಿಮೆಯಿಲ್ಲ. 1985ರ ಗೋಕರ್ಣದ ಕತೆಯಲ್ಲಿ ರಾತ್ರಿ ರೈಲಿನ ಸಿಳ್ಳೆ ಕೇಳಿಸುತ್ತದೆ. ಕೊಂಕಣ ರೈಲು ಇಡೀ ಮಾರ್ಗದಲ್ಲಿ ಓಡಲು ಶುರುವಾದದ್ದೇ 1998ರ ಜನವರಿಯಲ್ಲಿ. 1940ರ ಕಾರವಾರದ ಕತೆಯಲ್ಲಿ ಮೈಸೂರು ಸರಕಾರದ ಅಮಲ್ದಾರರು ಬರುತ್ತಾರೆ. ಈ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, 1956ರವರೆಗೆ ಮುಂಬಯಿಯ ಕಡೆಗೇ ಇತ್ತು. ಜುಲೈ ತಿಂಗಳಲ್ಲಿ ಟ್ರಾಲರ್ ಮೇಲೆ ಆಳಸಮುದ್ರಕ್ಕೆ ಹೋದ ನಾಯಕ ವಾಪಸ್ ಬರುವುದಿಲ್ಲ. ಈಗಿನ ಕತೆಯಾದರೆ ಅವನು ಹೋಗುವುದೇ ಕಷ್ಟ, ಯಾಕೆಂದರೆ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿದೆ. ನಾಡದೋಣಿಯವನಾದರೆ ಸರಿ. ನಿಷೇಧ ಮುರಿದು ಹೋದ ಅಂತಾದರೆ ಇನ್ನೂ ಒಳ್ಳೆಯ ಕತೆ. ಆದರೆ ನಿಷೇಧ ಇದೆ ಅಂತ ಬರೆಯುವವರಿಗೆ ಮೊದಲು ಗೊತ್ತಿರಬೇಕಲ್ಲ!

ಭರತ, ಇಳಿತದ ಲೆಕ್ಕವೂ ಹಾಗೇ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಪ್ರತಿದಿನ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಏರಿಳಿತ ಜೋರು. ನಿಮ್ಮ ಕತೆಯ ಹುಡುಗಿ ವಾರವಿಡೀ ಸಂಜೆ ಆರಕ್ಕೆ ಸರಿಯಾಗಿ ಇಳಿತದ ಮರಳ ಮೇಲೆ ನಡೆಯುತ್ತಿದ್ದರೆ ಬೇಲೆಕೇರಿಯ ಯಾವ ಮೀನುಗಾರ ಓದುಗನೂ ಅಲ್ಲೇ ಪುಸ್ತಕ ಮುಚ್ಚುತ್ತಾನೆ. ಅಘನಾಶಿನಿ ನದಿಯ ಗಜನಿ ಭೂಮಿಯಲ್ಲಿ, ಅಂದರೆ ಉಪ್ಪು ನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಆ ನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ, ಅಲ್ಲಿಯ ಬದುಕೇ ಈ ಏರಿಳಿತದ ಮೇಲೆ ನಿಂತಿದೆ. ಈ ವಿಷಯಗಳು ಪರಿಸರದ ಲೇಖನಗಳಲ್ಲಿ, ಮೀನುಗಾರಿಕೆಯ ಪುಸ್ತಕಗಳಲ್ಲಿ ಸಿಗುತ್ತವೆ.

ಹಳೇ ಕಾಲಕ್ಕಾದರೆ ಗೆಝೆಟಿಯರ್, ಅಂದರೆ ಸರಕಾರ ಬರೆಸಿದ ಜಿಲ್ಲೆಯ ವಿವರಗಳ ಪುಸ್ತಕ, ತೆಗೆಯಿರಿ. ಮುಂಬಯಿ ಪ್ರಾಂತ್ಯದ ಗೆಝೆಟಿಯರಿನ 15ನೇ ಸಂಪುಟ ನಮ್ಮ ಜಿಲ್ಲೆಯದ್ದು, 1883ರಲ್ಲಿ ಎರಡು ಭಾಗಗಳಲ್ಲಿ ಬಂತು. ಇಂಗ್ಲಿಷಿನಲ್ಲಿದೆ, ಒಣಕಲು ಅನಿಸುತ್ತದೆ, ಬರೆಸಿದವರ ಸರಕಾರಿ ದೃಷ್ಟಿಯೂ ಅದರಲ್ಲಿದೆ. ಅದನ್ನು ಅರಿತೇ ಓದಬೇಕು. ಆದರೆ ಕುಮಟಾ ಬಂದರಿನಿಂದ ಹತ್ತಿ ಹೋಗುತ್ತಿದ್ದ ಕಾಲ, ಘಟ್ಟದ ದಾರಿಗಳು, ಸಂತೆಗಳು, ಇವುಗಳ ವಿವರ ಕತೆಗಾರರಿಗೆ ಇನ್ನೆಲ್ಲೂ ಒಟ್ಟಿಗೆ ಸಿಗುವುದಿಲ್ಲ. ಪ್ರವಾಸಿಗರ ಬರಹ ಓದುವುದೂ ಚೆನ್ನ. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತ ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವು ಅಂತ ಬರೆದಿದ್ದಾನೆ. ರವೀಂದ್ರನಾಥ ಟ್ಯಾಗೋರರ ಅಣ್ಣ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಅಲ್ಲಿ ಬಂದು ಉಳಿದ ಯುವಕ ರವೀಂದ್ರ, ಬೆಳದಿಂಗಳಿನಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದದ್ದನ್ನು ಮುಂದೆ ಆತ್ಮಕತೆಯಲ್ಲಿ ಬರೆದರು. ಊರಿನವರು ದಿನಾ ನೋಡಿ ನೋಡದೇ ಬಿಟ್ಟದ್ದು ಹೊರಗಿನವರ ಕಣ್ಣಿಗೆ ಬೀಳುತ್ತದೆ.

ಬರಹ ಉದ್ದವಾಗುತ್ತದೆ ಅನ್ನುವವರಿಗೆ ಮದ್ದು ಅಂಕೋಲೆಯ ಕಡೆಯೇ ಇದೆ. ದಿನಕರ ದೇಸಾಯಿಯವರ ಚುಟುಕ ಓದಿ. ನಾಲ್ಕೇ ಸಾಲು. ರೈತ ಹೋರಾಟ, ಶಾಲೆ ಕಟ್ಟುವುದು, ಸಂಸತ್ತು ಎಲ್ಲದರ ನಡುವೆ ಬರೆದವರು ಅವರು. ಓದಿದ ಮೇಲೆ ನಿಮ್ಮ ಕತೆಯನ್ನು ನಾಲ್ಕು ಸಾಲಿನ ಚುಟುಕ ಮಾಡಿ. ಆಗಲಿಲ್ಲ ಅಂದರೆ ಕತೆಯೊಳಗೆ ಏನಿದೆ ಅಂತ ನಿಮಗೇ ಇನ್ನೂ ತಿಳಿದಿಲ್ಲ.

ಓದುಗರು ಮಧ್ಯದಲ್ಲೇ ಬಿಡುತ್ತಾರೆ ಅಂತಾದರೆ ಪತ್ತೇದಾರಿ ಓದಿ, ನಾಚಿಕೆ ಬೇಡ. ಯಾವ ಸಂಗತಿಯನ್ನು ಯಾವ ಪುಟದವರೆಗೆ ಬಚ್ಚಿಡಬೇಕು ಅನ್ನುವುದು ಪತ್ತೇದಾರಿ ಬರೆಯುವವರಿಗೆ ಗೊತ್ತಿರುವಷ್ಟು ನಮ್ಮ ನವ್ಯ ಕತೆಗಾರರಿಗೆ ಗೊತ್ತಿಲ್ಲ. ಕಾರಣ-ಪರಿಣಾಮ ಬಿಡಿಸಿ ಹೇಳಲು ಬಾರದವರು ವಿಜ್ಞಾನ ಲೇಖನ ಓದಬೇಕು. ಶಿರಸಿ ಸೀಮೆಯವರೇ ಆದ ನಾಗೇಶ ಹೆಗಡೆಯವರ ಬರಹದಲ್ಲಿ ಕಷ್ಟದ ವಿಷಯ ಹೇಗೆ ಸಣ್ಣ ಸಣ್ಣ ವಾಕ್ಯದಲ್ಲಿ ಇಳಿಯುತ್ತದೆ ಗಮನಿಸಿ. ಲಯ ಬೇಕಾದವರಿಗೆ ಹಾಲಕ್ಕಿ ಒಕ್ಕಲಿಗರ ಹಾಡುಗಳಿವೆ. ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಶಾಲೆಯ ಓದಿಲ್ಲದೆ ನೂರಾರು ಹಾಡು ನೆನಪಿಟ್ಟುಕೊಂಡಿದ್ದರು, 2017ರಲ್ಲಿ ಪದ್ಮಶ್ರೀ ಬಂತು. ಕೇಳುವುದೂ ಓದೇ.

ಮೂರನೇ ಹೆಜ್ಜೆ: ಗ್ರಂಥಾಲಯದಲ್ಲಿ ಬೇರೆ ಕಪಾಟಿಗೆ ಹೋಗಿ

ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ನಂಬರ್ ಪ್ರಕಾರ ಜೋಡಿಸಿದ ಗ್ರಂಥಾಲಯವಾದರೆ ಪುಸ್ತಕದ ಬೆನ್ನಿನ ಮೇಲೆ ಒಂದು ಸಂಖ್ಯೆ ಅಂಟಿಸಿರುತ್ತಾರೆ. ಕನ್ನಡ ಸಾಹಿತ್ಯ 894.814ರಲ್ಲಿ ಬರುತ್ತದೆ. ನಾವೆಲ್ಲ ಅಲ್ಲೇ ನಿಂತು, ಅಲ್ಲಿಂದಲೇ ವಾಪಸ್ ಬರುತ್ತೇವೆ. ಮುಂದಿನ ಸಲ 398ಕ್ಕೆ ಹೋಗಿ, ಜನಪದ ಅಲ್ಲಿರುತ್ತದೆ. 340 ಕಾನೂನು. 500ರಿಂದ ವಿಜ್ಞಾನ. 630 ಕೃಷಿ, ಅದರ ಹತ್ತಿರವೇ 639ರಲ್ಲಿ ಮೀನುಗಾರಿಕೆ, 641ರಲ್ಲಿ ಅಡುಗೆ. 910 ಪ್ರವಾಸ, 920 ಜೀವನಚರಿತ್ರೆ, 954 ಭಾರತದ ಇತಿಹಾಸ. ಈ ಸಂಖ್ಯೆಗಳನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.

ಕಾರವಾರದಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯವಿದೆ, ತಾಲೂಕು ಊರುಗಳಲ್ಲಿ ಶಾಖೆಗಳಿವೆ, ಹಳ್ಳಿಯಲ್ಲಿ ಪಂಚಾಯಿತಿ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಅನ್ನುತ್ತಾರೆ. ಸಣ್ಣ ಗ್ರಂಥಾಲಯದಲ್ಲಿ ಜೋಡಣೆ ಸರಿ ಇರುವುದಿಲ್ಲ. ಅಲ್ಲಿ ಗ್ರಂಥಪಾಲಕರನ್ನೇ ಕೇಳಿ, ‘ಯಾರೂ ಒಯ್ಯದ ಪುಸ್ತಕ ಯಾವ ಕಪಾಟಿನಲ್ಲಿದೆ?’ ಅಂತ. ಆ ಕಪಾಟಿನಲ್ಲಿ ಒಳ್ಳೆಯ ಮಾಲು ಸಿಗುತ್ತದೆ. ಗೆಝೆಟಿಯರಿನಂಥ ಹಳೇ ಪುಸ್ತಕಗಳ ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವಿನಲ್ಲಿ ಪುಕ್ಕಟೆ ಓದಬಹುದು. ಕನ್ನಡದ ಜ್ಞಾನಕೋಶಕ್ಕೆ ‘ಕಣಜ’ ಇದೆ.

ಮನೆಯಲ್ಲೇ ಇರುವುದನ್ನೂ ಮರೆಯಬೇಡಿ. ಅಟ್ಟದ ಮೇಲಿನ ಪಹಣಿ, ಪಾಲು ಪತ್ರ, ಸೊಸೈಟಿಯ ಹಳೇ ಪಾಸ್‌ಬುಕ್, ಮದುವೆಯ ಖರ್ಚಿನ ಪಟ್ಟಿ. ಒಂದು ಪಾಲು ಪತ್ರದಲ್ಲಿ ಬಾವಿಯ ನೀರು ಸೇದುವ ಹಕ್ಕು, ಹಲಸಿನ ಮರದ ಅರ್ಧ ಹಣ್ಣು ಯಾರಿಗೆ ಅಂತೆಲ್ಲ ಬರೆದಿರುವುದುಂಟು. ಮೂವರು ಅಣ್ಣತಮ್ಮಂದಿರ ಇಡೀ ಜಗಳ ಆ ಒಂದು ಕಾಗದದಲ್ಲಿ ಇರುತ್ತದೆ, ಒಂದೇ ಒಂದು ಬೈಗುಳವಿಲ್ಲದೆ.

ನಾಲ್ಕನೇ ಹೆಜ್ಜೆ: ಎರಡು ಸಲ ಓದಿ

ಮೊದಲ ಸಲ ಸುಮ್ನೆ ಓದಿ. ಪೆನ್ಸಿಲ್ ಬೇಡ, ಟಿಪ್ಪಣಿ ಬೇಡ. ಎಲ್ಲಿ ಆಸಕ್ತಿ ಹುಟ್ಟಿತು, ಎಲ್ಲಿ ಆಕಳಿಕೆ ಬಂತು ಅಂತಷ್ಟೇ ಗಮನವಿರಲಿ.

ಎರಡನೇ ಸಲ ಇಡೀ ಪುಸ್ತಕ ಬೇಡ, ಆಸಕ್ತಿ ಹುಟ್ಟಿದ ಒಂದು ಪುಟ ಸಾಕು. ಅದನ್ನು ಕೈಯಲ್ಲಿ ನಕಲು ಮಾಡಿ. ಟೈಪ್ ಮಾಡಬೇಡಿ. ಕೈಯಲ್ಲಿ ಬರೆಯುವಾಗ ವಾಕ್ಯ ಎಲ್ಲಿ ನಿಂತಿತು, ಯಾವ ಸಂಗತಿ ಮೊದಲು ಬಂತು, ಯಾವುದನ್ನು ಹೇಳದೇ ಬಿಟ್ಟರು ಅಂತ ತಿಳಿಯುತ್ತದೆ. ಅಡುಗೆ ಪುಸ್ತಕದ ಒಂದು ಪುಟ ನಕಲು ಮಾಡಿ ನೋಡಿ, ಕ್ರಮ ತಪ್ಪಿದರೆ ಅಡುಗೆ ಕೆಡುತ್ತದೆ ಅನ್ನುವ ಎಚ್ಚರ ಪ್ರತಿ ವಾಕ್ಯದಲ್ಲೂ ಇರುತ್ತದೆ.

ಆಮೇಲೆ ಆ ಪ್ರಕಾರದಲ್ಲಿ ಹತ್ತು ಸಾಲು ನೀವೇ ಬರೆಯಿರಿ. ಯಾರಿಗೂ ತೋರಿಸಬೇಕಾಗಿಲ್ಲ. ನಿಮ್ಮ ಕತೆಯ ನಾಯಕಿಯ ಮನೆಯ ಬಗ್ಗೆ ಗೆಝೆಟಿಯರ್ ಬರೆದ ಹಾಗೆ ಬರೆಯಿರಿ: ಜನ ಎಷ್ಟು, ದನ ಎಷ್ಟು, ನೀರು ಎಲ್ಲಿಂದ, ಹತ್ತಿರದ ಸಂತೆ ಯಾವುದು, ವರ್ಷದ ಹುಟ್ಟುವಳಿ ಏನು. ಅಥವಾ ನಾಯಕನ ತಪ್ಪನ್ನು ಕೋರ್ಟಿನ ತೀರ್ಪಿನ ಧಾಟಿಯಲ್ಲಿ ಬರೆಯಿರಿ. ಎರಡೂ ಕಡೆಯ ವಾದ, ಸಾಕ್ಷಿ, ಕೊನೆಗೆ ತೀರ್ಮಾನ. ಕತೆಯಲ್ಲಿ ಅದು ಬರದೇ ಇರಬಹುದು. ಆದರೆ ಆ ಪಾತ್ರದ ಬಗ್ಗೆ ನಿಮಗೆ ಗೊತ್ತಿಲ್ಲದ್ದು ಎಷ್ಟಿತ್ತು ಅಂತ ತಿಳಿಯುತ್ತದೆ.

ಐದನೇ ಹೆಜ್ಜೆ: ಓದಿದ್ದನ್ನೆಲ್ಲ ಸುರಿಯಬೇಡಿ

ಇದು ಹೊಸ ಕಾಯಿಲೆ. ಕೊಳೆ ರೋಗದ ಬಗ್ಗೆ ಓದಿದ ಕೂಡಲೇ ಗಣಪಣ್ಣ ಜಗಲಿಯ ಮೇಲೆ ಕೂತು ‘ಫೈಟಾಪ್ತೋರಾ ಶಿಲೀಂಧ್ರ’ದ ಬಗ್ಗೆ ಭಾಷಣ ಮಾಡಲು ಶುರು ಮಾಡುತ್ತಾನೆ. ನಿಜವಾದ ಗಣಪಣ್ಣ ‘ಈ ವರ್ಷ ಕೊಳೆ ಜೋರು’ ಅನ್ನುತ್ತಾನೆ, ಅಷ್ಟೇ. ಓದಿದ ವಿವರ ಒಗ್ಗರಣೆಯ ಇಂಗಿನ ಹಾಗೆ, ಚಿಟಿಕೆ ಸಾಕು. ಒಂದು ದೃಶ್ಯಕ್ಕೆ ಒಂದು ವಿವರ, ಅದೂ ಪಾತ್ರದ ಕಷ್ಟಕ್ಕೋ ಆಸೆಗೋ ತಗುಲುವಂಥದ್ದು. ಚಾಕುವಿನ ಮೇಲೆ ಕೆಂಪು ಕೂತದ್ದು ಗಣಪಣ್ಣನ ಮಗ ಸುಣ್ಣದ ದುಡ್ಡು ಉಳಿಸಿಕೊಂಡದ್ದನ್ನು ಹೊರಗೆ ಹಾಕುವುದಾದರೆ ಅದು ಕತೆಗೆ ಬೇಕು. ಇಲ್ಲದಿದ್ದರೆ ನೋಟ್ ಪುಸ್ತಕದಲ್ಲೇ ಇರಲಿ.

‘ಬೇರೆಯವರ ಶೈಲಿ ನನಗೆ ಅಂಟಿಕೊಂಡರೆ?’ ಅಂತ ಕೇಳುವವರು ಇದ್ದಾರೆ. ಒಬ್ಬರನ್ನೇ ಓದಿದರೆ ಖಂಡಿತ ಅಂಟಿಕೊಳ್ಳುತ್ತದೆ. ಚುಟುಕ, ತೀರ್ಪು, ತಾಳಮದ್ದಲೆ, ಕೃಷಿ ಲೇಖನ ಎಲ್ಲ ಒಟ್ಟಿಗೆ ಓದುವವರಿಗೆ ಯಾರದ್ದು ಅಂತ ಅಂಟಿಕೊಂಡೀತು?

ಆರನೇ ಹೆಜ್ಜೆ: ಲೆಕ್ಕ ಇಟ್ಟುಕೊಳ್ಳಿ, ಬೇಡವಾದ್ದನ್ನು ಬಿಡಿ

ನೀವು ಬರೆಯುವ ಪ್ರಕಾರದ್ದು ಎರಡು ಪುಸ್ತಕ ಓದಿದರೆ ಬೇರೆಯದ್ದು ಒಂದು. ನನ್ನ ಪ್ರಕಾರ ಈ ಲೆಕ್ಕ ಸಾಕು. ಅದಕ್ಕಿಂತ ಜಾಸ್ತಿ ಮಾಡಿದರೆ ನಿಮ್ಮ ಪ್ರಕಾರದಲ್ಲಿ ಈಗ ಏನು ನಡೆಯುತ್ತಿದೆ ಅನ್ನುವುದೇ ಗೊತ್ತಾಗುವುದಿಲ್ಲ, ಅದೂ ನಷ್ಟವೇ. ಬೇರೆ ಪ್ರಕಾರದ ಪುಸ್ತಕ ಮೂವತ್ತು-ನಲವತ್ತು ಪುಟದ ಮೇಲೂ ಹಿಡಿಸದಿದ್ದರೆ ವಾಪಸ್ ಕೊಡಿ. ನೀವು ಪರೀಕ್ಷೆಗೆ ಕೂತಿಲ್ಲ.

ಎಲ್ಲಿಂದ ಶುರು ಮಾಡಲಿ ಅಂತ ಇನ್ನೂ ಗೊಂದಲವಿದ್ದರೆ: ಕವನ ಬರೆಯುವವರು ಈ ತಿಂಗಳು ಒಂದು ಕೃಷಿ ಪತ್ರಿಕೆಯ ಸಂಚಿಕೆಯನ್ನು ಜಾಹೀರಾತು ಸಮೇತ ಓದಿ. ಕತೆ ಬರೆಯುವವರು ಒಂದು ತಾಳಮದ್ದಲೆ ಕೇಳಿ, ಆಮೇಲೆ ಒಂದು ನಾಟಕ ಓದಿ. ಕಾದಂಬರಿಗೆ ಕೈ ಹಾಕಿದವರು ಗೆಝೆಟಿಯರಿನಲ್ಲಿ ನಿಮ್ಮ ಊರಿನ ಹೆಸರು ಇರುವ ಪುಟ ಹುಡುಕಿ. ಅಂಕಣ, ಪ್ರಬಂಧ ಬರೆಯುವವರಿಗೆ ಚುಟುಕ. ಮಕ್ಕಳಿಗೆ ಬರೆಯುವವರು ಯಾವುದಾದರೂ ಕೋರ್ಟಿನ ತೀರ್ಪು ಓದಿ. ನಗಬೇಡಿ, ‘ಯಾಕೆ?’ ಅನ್ನುವ ಪ್ರಶ್ನೆಗೆ ಕೊನೆಯವರೆಗೂ ಉತ್ತರ ಕೊಡುತ್ತಾ ಹೋಗುವ ಬರಹ ಅದೊಂದೇ.